ಕೊನೆಯ ಒಂದು ಅಂಕಿಯ ಬೆಲೆ

ಕಳೆದ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಬಾಜು ಮನೆಯ ಖಾಲಾ ಪಾಸ್‌ಬುಕ್ ಹಿಡಿದುಕೊಂಡು ಬಂದರು. ಅವರ ದೊಡ್ಡ ಮಗ ಸೌದಿಯ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದಾನೆ. ತಂಗಿಯ ಫೀ ತುಂಬಲು ಹಣ ಕಳಿಸುವವನಿದ್ದ, ಅದಕ್ಕೆ ಅಮ್ಮನ ಹೊಸ ಖಾತೆಯ ನಂಬರ್ ಬೇಕಾಗಿತ್ತು. ಓಣಿಯಲ್ಲಿ ಇಂಥ ಕೆಲಸ ಏನಿದ್ದರೂ ನನ್ನ ಹತ್ತಿರವೇ ಬರುತ್ತದೆ. ನಾನು ಪಾಸ್‌ಬುಕ್ ನೋಡುತ್ತ ನಂಬರ್ ಟೈಪ್ ಮಾಡಿ ಭಾಯಿಗೆ ಕಳಿಸಿದೆ. ಎರಡು ನಿಮಿಷದ ಕೆಲಸ.

ಹಣ ಬರಲಿಲ್ಲ. ಖಾಲಾ ದಿನಾ ಸಂಜೆ ಬಾಗಿಲಿಗೆ ಬಂದು, "ಬೇಟಾ, ನಂಬರ್ ಬರೋಬರಿ ಹಾಕೀಯಿಲ್ಲೋ?" ಎಂದು ಕೇಳುತ್ತಿದ್ದರು. ನಾನು "ಹೂಂ ಖಾಲಾ, ಬರೋಬರಿ ಹಾಕೀನಿ" ಎನ್ನುತ್ತಿದ್ದೆ. ಫೀ ತುಂಬುವ ಕೊನೆಯ ದಿನ ಬಂದಾಗ ಅವರು ಕಿವಿಯ ಜುಮಕಿ ಒತ್ತೆ ಇಟ್ಟರು. ಇಪ್ಪತ್ತೆರಡನೆಯ ದಿನ ಭಾಯಿಗೆ ಹಣ ವಾಪಸ್ ಬಂದಿತು. ಆಗ ಪಾಸ್‌ಬುಕ್ ತೆಗೆದು ಅಂಕಿ ಅಂಕಿ ಹೊಂದಿಸಿ ನೋಡಿದೆ. 38 ಇರುವಲ್ಲಿ ನಾನು 83 ಹಾಕಿದ್ದೆ.

ತಪ್ಪು ನನ್ನದೇ. ಖಾಲಾ ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಆದರೆ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ತಪ್ಪು ನಂಬರ್ ಬರೆದ ಕೂಡಲೇ "ಇದು ತಪ್ಪು" ಎಂದು ನಂಬರೇ ಏಕೆ ಹೇಳಲಿಲ್ಲ? ಅದಕ್ಕೆ ಉತ್ತರ ಸಿಕ್ಕಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ. ಕಂಪ್ಯೂಟರ್ ಸೈನ್ಸ್ ಸೆಮಿನಾರಿಗೆ ಬಿಟ್‌ಕಾಯಿನ್ ವಿಳಾಸ ಹೇಗೆ ತಯಾರಾಗುತ್ತದೆ ಎಂದು ಓದುವಾಗ ಸಿಕ್ಕಿತು.

ಮೊದಲೇ ಒಂದು ಮಾತು. ಇದು ಕ್ರಿಪ್ಟೋ ಕೊಳ್ಳಿರಿ ಎಂದು ಹೇಳುವ ಲೇಖನವಲ್ಲ. ನಮ್ಮ ದೇಶದಲ್ಲಿ ಅದು ಕಾನೂನಿನ ಚಲಾವಣೆಯ ಹಣವಲ್ಲ. 2022ರ ಏಪ್ರಿಲ್‌ನಿಂದ ಅದರ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ. ಅದು ಹಲಾಲೋ ಹರಾಮೋ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ, ಅದರ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಅದನ್ನು ಕಟ್ಟಿದವರು ವಿಳಾಸದ ವಿಷಯದಲ್ಲಿ ಮಾಡಿದ ಯೋಚನೆ ಮಾತ್ರ ನಮಗೆ ಪಾಠವಾಗುವಂಥದ್ದು. ಅಷ್ಟನ್ನೇ ಹೇಳುತ್ತೇನೆ.

ಬಿಟ್‌ಕಾಯಿನ್‌ನಲ್ಲಿ ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ತಪ್ಪು ವಿಳಾಸಕ್ಕೆ ಹಣ ಹೋದರೆ ಇಪ್ಪತ್ತೆರಡನೆಯ ದಿನ ಅಲ್ಲ, ಎಂದೂ ವಾಪಸ್ ಬರುವುದಿಲ್ಲ. ಅಲ್ಲದೆ ಅದರ ಲೆಕ್ಕದ ಪುಸ್ತಕ ಒಂದೇ ಕಡೆ ಇಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಅದೇ ಪುಸ್ತಕದ ಪೂರ್ತಿ ಪ್ರತಿ ಇಟ್ಟುಕೊಂಡಿವೆ. ಆ ಪುಸ್ತಕ ಈಗ 500 ಜಿಬಿಗಿಂತ ದೊಡ್ಡದು. ಒಂದು ವಿಳಾಸದಲ್ಲಿ ಒಂದು ಬೈಟ್ ಹೆಚ್ಚಾದರೂ ಅಷ್ಟೂ ಕಂಪ್ಯೂಟರುಗಳು ಅದನ್ನು ಹೊರಬೇಕು. ಹಾಗಾಗಿ ವಿನ್ಯಾಸ ಮಾಡಿದವರ ಮುಂದೆ ಎರಡು ಒತ್ತಡ ಇದ್ದವು: ವಿಳಾಸ ಚಿಕ್ಕದಿರಬೇಕು, ಮತ್ತು ಮನುಷ್ಯ ಬರೆಯುವಾಗ ಮಾಡುವ ತಪ್ಪನ್ನು ಅದು ಹಿಡಿಯಬೇಕು. ಒಂದಕ್ಕೆ ಜಾಗ ಉಳಿಸಬೇಕು, ಇನ್ನೊಂದಕ್ಕೆ ಜಾಗ ಕೊಡಬೇಕು.

ಮೊದಲನೆಯದನ್ನು ಅವರು ಹೀಗೆ ಮಾಡಿದರು. ಹಣ ಪಡೆಯುವವನ ಬಳಿ ಒಂದು ಸಾರ್ವಜನಿಕ ಕೀಲಿ ಇರುತ್ತದೆ. ಅದನ್ನು ಅಡಕ ಮಾಡಿ ಬರೆದರೂ 33 ಬೈಟ್. ಅದನ್ನು ಹಾಗೇ ಬರೆಯದೆ ಹ್ಯಾಶ್ ಎಂಬ ಲೆಕ್ಕದಿಂದ 20 ಬೈಟಿಗೆ ಇಳಿಸಿದರು. ಪುಸ್ತಕದಲ್ಲಿ ಹಣದ ಎದುರು ಆ 20 ಬೈಟ್ ಮಾತ್ರ ಇರುತ್ತದೆ. ಇದು ಪೂರ್ತಿ ಉಳಿತಾಯವಲ್ಲ, ಏಕೆಂದರೆ ಹಣ ಖರ್ಚು ಮಾಡುವ ದಿನ 33 ಬೈಟಿನ ಕೀಲಿಯನ್ನು ತೋರಿಸಲೇಬೇಕು, ಅದೂ ಪುಸ್ತಕ ಸೇರುತ್ತದೆ. ಹಾಗಾದರೆ ಲಾಭವೇನು?

ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪು ಮಾಡಿಕೊಳ್ಳಿ. ಬಾಕಿ ಇರುವ ಉದ್ರಿ ಯಾವಾಗಲೂ ಗಲ್ಲಾದ ಹತ್ತಿರ ಕೈಗೆ ಸಿಗಬೇಕು. ತೀರಿದ ಲೆಕ್ಕದ ಹಳೆಯ ಪುಸ್ತಕ ಅಟ್ಟದ ಮೇಲೆ ಹೋದರೂ ನಡೆಯುತ್ತದೆ. ಬಿಟ್‌ಕಾಯಿನ್‌ನಲ್ಲೂ ಹಾಗೆಯೇ. ಇನ್ನೂ ಖರ್ಚಾಗದ ಹಣದ ಪಟ್ಟಿ ಯಾವಾಗಲೂ ಕೈಯಳತೆಯಲ್ಲಿರಬೇಕು, ಖರ್ಚಾದ ಹಳೆಯ ದಾಖಲೆಯನ್ನು ಒಂದು ಕಂಪ್ಯೂಟರು ತೆಗೆದುಹಾಕಿದರೂ ಕೆಲಸ ನಿಲ್ಲುವುದಿಲ್ಲ. ಅಂದರೆ ಗಲ್ಲಾದ ಹತ್ತಿರ 20, ಅಟ್ಟದ ಮೇಲೆ 33. ಜಾಗ ಎಷ್ಟು ಎಂಬುದರ ಜೊತೆಗೆ ಆ ಜಾಗ ಎಲ್ಲಿ ಎಂಬುದನ್ನೂ ಅವರು ಕೇಳಿದರು. ನನಗೆ ಇಷ್ಟವಾದದ್ದು ಇದೇ ಪ್ರಶ್ನೆ.

2021ರ ನವೆಂಬರ್‌ನಲ್ಲಿ ಬಂದ ಟ್ಯಾಪ್‌ರೂಟ್ ಎಂಬ ಬದಲಾವಣೆಯಲ್ಲಿ ಈ ಲೆಕ್ಕವನ್ನು ತಿರುಗಿಸಿದ್ದೂ ಉಂಟು. ಅದರಲ್ಲಿ 32 ಬೈಟಿನ ಕೀಲಿಯನ್ನೇ ನೇರವಾಗಿ ಬರೆಯುತ್ತಾರೆ. ಗಲ್ಲಾದ ಹತ್ತಿರ 12 ಬೈಟ್ ಹೆಚ್ಚಾಯಿತು. 10 ಕೋಟಿ ನಮೂದು ಇದ್ದರೆ ಅದು 120 ಕೋಟಿ ಬೈಟ್, ಅಂದರೆ 1.2 ಜಿಬಿ. ಆದರೆ ಖರ್ಚು ಮಾಡುವ ದಿನ ಕೀಲಿಯನ್ನು ಮತ್ತೆ ತೋರಿಸಬೇಕಿಲ್ಲ, 64 ಬೈಟಿನ ಸಹಿ ಇದ್ದರೆ ಸಾಕು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಪಡೆದರು.

ಈಗ ಎರಡನೆಯ ಒತ್ತಡ, ಅಂದರೆ ನನ್ನಂಥವನ ಕೈತಪ್ಪು. 20 ಬೈಟನ್ನು ಬರೀ ಅಂಕಿಗಳಲ್ಲಿ ಬರೆದರೆ 49 ಅಂಕಿಯವರೆಗೆ ಹೋಗುತ್ತದೆ. ಅದನ್ನು ಯಾರು ತಪ್ಪಿಲ್ಲದೆ ಬರೆದಾರು? ಆದ್ದರಿಂದ ಅಂಕಿ, ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲ ಸೇರಿಸಿ 58 ಗುರುತುಗಳನ್ನು ಆರಿಸಿದರು. ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಈ ನಾಲ್ಕನ್ನು ಬೇಕೆಂದೇ ಬಿಟ್ಟರು, ಏಕೆಂದರೆ ಕಣ್ಣಿಗೆ ಒಂದರಂತೆ ಒಂದು ಕಾಣುತ್ತವೆ. ಆಮೇಲೆ 20 ಬೈಟಿನ ಮುಂದೆ ಯಾವ ಬಗೆಯ ವಿಳಾಸ ಎಂದು ತಿಳಿಸುವ 1 ಬೈಟ್, ಹಿಂದೆ ತಪ್ಪು ಹಿಡಿಯುವ 4 ಬೈಟ್ ಸೇರಿಸಿದರು. ಈ ಕೊನೆಯದನ್ನು ನಾನು ತಾಳೆ ಭಾಗ ಎಂದು ಕರೆಯುತ್ತೇನೆ. ಉಳಿದ ಭಾಗದಿಂದಲೇ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಅಕ್ಷರ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ, ಹಣ ಹೊರಡುವುದೇ ಇಲ್ಲ. ತಪ್ಪು ವಿಳಾಸ ಆಕಸ್ಮಿಕವಾಗಿ ತಾಳೆಯಾಗುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು. ಹೀಗೆ ತಯಾರಾದ ವಿಳಾಸ ಸಾಮಾನ್ಯವಾಗಿ 34 ಅಕ್ಷರದ್ದು.

ಗಮನಿಸಬೇಕಾದದ್ದು ಇಲ್ಲಿದೆ. ಆ 4 ಬೈಟಿನ ತಾಳೆ ಭಾಗ ಲೆಕ್ಕದ ಪುಸ್ತಕಕ್ಕೆ ಹೋಗುವುದೇ ಇಲ್ಲ. ವಿಳಾಸ ಟೈಪ್ ಮಾಡಿದ ಕೂಡಲೇ ನಮ್ಮ ಫೋನು ಅದನ್ನು ತಾಳೆ ನೋಡುತ್ತದೆ, ಸರಿ ಇದ್ದರೆ ಕಳಚಿ ಇಟ್ಟು 20 ಬೈಟ್ ಮಾತ್ರ ಮುಂದೆ ಕಳಿಸುತ್ತದೆ. ತಾಳೆ ಭಾಗ ಇರುವುದು ಮನುಷ್ಯನ ಕೈಯಲ್ಲಿರುವ ಚೀಟಿಯಲ್ಲಿ ಮಾತ್ರ. ಸಾವಿರಾರು ಕಂಪ್ಯೂಟರುಗಳಿಗೆ ಅದರಿಂದ ಒಂದು ಬೈಟಿನ ಭಾರವೂ ಇಲ್ಲ. ಸಂಗ್ರಹಿಸುವ ರೂಪ ಬೇರೆ, ಬರೆಯುವ ರೂಪ ಬೇರೆ. ಈ ಎರಡನ್ನು ಬೇರೆ ಮಾಡಿದ ಮೇಲೆ "ಜಾಗ ಇಲ್ಲ" ಎಂಬ ನೆಪ ಉಳಿಯುವುದಿಲ್ಲ.

ಬೇರೆ ದಾರಿ ಹಿಡಿದವರಿಗೆ ಏನಾಯಿತು ಎಂಬುದನ್ನೂ ನೋಡೋಣ. 2015ರಲ್ಲಿ ಆರಂಭವಾದ ಇಥೀರಿಯಂನ ವಿಳಾಸದಲ್ಲಿ 40 ಅಕ್ಷರ ಇದ್ದವು, ತಾಳೆ ಭಾಗ ಇರಲಿಲ್ಲ. ಒಂದು ಅಕ್ಷರ ತಪ್ಪಿದರೂ ಅದು ಇನ್ನೊಂದು ಸರಿಯಾದ ವಿಳಾಸವೇ. 2016ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಉದ್ದ ಹೆಚ್ಚಿಸದೆ, ಯಾವ ಅಕ್ಷರ ದೊಡ್ಡದು ಯಾವುದು ಸಣ್ಣದು ಎಂಬುದರಲ್ಲೇ ತಾಳೆಯನ್ನು ಅಡಗಿಸಿದರು. ಹೆಚ್ಚಿನ ಜಾಗ ಬೇಕಾಗಲಿಲ್ಲ, ಆದರೆ ಕಾವಲು ಸಡಿಲ. ಸುಮಾರು 4,000 ತಪ್ಪುಗಳಲ್ಲಿ ಒಂದು ನುಸುಳಬಹುದು. ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದರೆ ಆ ಕಾವಲೂ ಇಲ್ಲ.

ಬಿಟ್‌ಕಾಯಿನ್‌ನವರು 2017ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿಗೆ ಹೋದರು. ಬೆಕ್32 ಎಂಬ ಹೊಸ ರೂಪದಲ್ಲಿ ಅದೇ 20 ಬೈಟಿನ ವಿಳಾಸ 34ರಿಂದ 42 ಅಕ್ಷರಕ್ಕೆ ಉದ್ದವಾಯಿತು. ದೊಡ್ಡ ಸಣ್ಣ ಅಕ್ಷರ ಬೆರೆಸುವುದನ್ನು ಬಿಟ್ಟರು, ಫೋನಿನಲ್ಲಿ ಓದಿ ಹೇಳುವುದು ಸುಲಭವಾಯಿತು. ಕೊನೆಯ 6 ಅಕ್ಷರ ತಾಳೆಗೇ ಮೀಸಲು. ನಾಲ್ಕು ಅಕ್ಷರದವರೆಗೆ ಬದಲಾದರೆ ಖಂಡಿತ ಹಿಡಿಯುತ್ತದೆ. ಅದರಲ್ಲೂ ಒಂದು ಲೋಪ ಸಿಕ್ಕಿತು, ಕೊನೆಯ ಅಕ್ಷರ ಪಿ ಆಗಿದ್ದರೆ ಅದರ ಹಿಂದೆ ಕ್ಯೂ ಅಕ್ಷರ ಸೇರಿಸಿದರೂ ತೆಗೆದರೂ ಗೊತ್ತಾಗುತ್ತಿರಲಿಲ್ಲ. ಟ್ಯಾಪ್‌ರೂಟಿಗಾಗಿ ಅದನ್ನು ತಿದ್ದಿದ ರೂಪ ತಂದರು. ಅವರು ಕಲಿತ ಪಾಠ ಇಷ್ಟೇ: ಬರೆಯುವ ರೂಪ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ, ತಪ್ಪು ಬರೆದವನ ಕೈಯಲ್ಲೇ ಸಿಕ್ಕಿಬೀಳಬೇಕು.

ಈಗ ನಮ್ಮ ಊರಿಗೆ ಬರೋಣ. ನಾವು ದಿನಾ ಬರೆಯುವ ನಂಬರುಗಳು ಹೇಗಿವೆ?

1972ರ ಆಗಸ್ಟ್ 15ರಂದು ಬಂದ ಆರಂಕಿಯ ಪಿನ್ ಕೋಡಿನಲ್ಲಿ ತಾಳೆ ಅಂಕಿ ಇಲ್ಲ. ಆದರೂ ನಡೆಯುತ್ತದೆ. ಹಾವೇರಿಯದು 581110, ಕಾರವಾರದ್ದು 581301. ಒಂದು ಅಂಕಿ ತಪ್ಪಿದರೂ ಪಕ್ಕದಲ್ಲಿ "ತಡಸ, ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ" ಎಂದು ಬರೆದಿರುತ್ತೇವೆ. ಅದನ್ನು ಓದುವ ಮನುಷ್ಯನೂ ಇದ್ದಾನೆ. ಪತ್ರ ಒಂದು ದಿನ ತಡವಾದೀತು, ಕಳೆಯುವುದಿಲ್ಲ. ಅಲ್ಲಿ ಊರಿನ ಹೆಸರೇ ತಾಳೆ.

ಆಧಾರ್ ಸಂಖ್ಯೆಯಲ್ಲಿ 12 ಅಂಕಿ. ಕೊನೆಯದು ತಾಳೆ ಅಂಕಿ. ಹಾಲೆಂಡಿನ ಗಣಿತಜ್ಞ ಯಾಕೋಬಸ್ ವರ್‌ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. ನಾನು ಮಾಡಿದ್ದು ಅದಲುಬದಲಿನ ತಪ್ಪೇ. ಅಂದರೆ 38ಕ್ಕೆ 83 ಎಂದು ಆಧಾರ್‌ನಲ್ಲಿ ಬರೆದಿದ್ದರೆ ಆ ಕ್ಷಣದಲ್ಲೇ ಸಿಕ್ಕಿಬೀಳುತ್ತಿದ್ದೆ.

ಬ್ಯಾಂಕ್ ಖಾತೆಯ ನಂಬರ್ ನೋಡಿ. ಒಂದು ಬ್ಯಾಂಕಿನಲ್ಲಿ 11 ಅಂಕಿ, ಇನ್ನೊಂದರಲ್ಲಿ 13, ಮತ್ತೊಂದರಲ್ಲಿ ಇನ್ನೆಷ್ಟೋ. ತಮ್ಮ ನಂಬರಿನೊಳಗೆ ತಾಳೆ ಅಂಕಿ ಇಟ್ಟುಕೊಂಡ ಬ್ಯಾಂಕುಗಳೂ ಇವೆ, ಆದರೆ ಅದು ಅವರವರ ಮನೆಯ ಲೆಕ್ಕ. ಇಡೀ ದೇಶಕ್ಕೆ ಒಂದೇ ನಿಯಮ ಇಲ್ಲದ ಕಾರಣ ನನ್ನ ಫೋನು, ಹಣ ಕಳಿಸುವ ಅಂಗಡಿ, ಕಾಲೇಜಿನ ಅರ್ಜಿ ಯಾವುದೂ ಅದನ್ನು ಮೊದಲೇ ತಾಳೆ ನೋಡಲಾರದು. ಅದರ ಜೊತೆ ಬರೆಯುವ ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ. ಅದರ ಐದನೆಯದು ಯಾವಾಗಲೂ ಸೊನ್ನೆ, ಮುಂದೆ ಬೇಕಾದೀತೆಂದು ಕಾಯ್ದಿಟ್ಟ ಜಾಗ. ಬಿಟ್‌ಕಾಯಿನ್‌ನವರು ಗೊಂದಲವಾಗುತ್ತದೆಂದು ಸೊನ್ನೆಯನ್ನೇ ಬಿಟ್ಟರು. ನಮ್ಮಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರದ ಬೆನ್ನಿಗೇ ಸೊನ್ನೆ ಕೂತಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಓ ಎಂದು ಬರೆದಿಲ್ಲ?

ಇದರ ಮೇಲೆ 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಎಲೆಕ್ಟ್ರಾನಿಕ್ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮಾ ಮಾಡಬಹುದು ಎಂದು ತಿಳಿಸಿತು. ವೇಗಕ್ಕೆ ಅದು ಬೇಕಿತ್ತು, ನಿಜ. ಆದರೆ ಅಂಚೆಯಲ್ಲಿ ನಮ್ಮನ್ನು ಕಾಯುವ ಹೆಸರು ಇಲ್ಲಿ ಕಾಯುವ ಕೆಲಸ ಬಿಟ್ಟಿತು. ಹೆಸರೂ ಕಾಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ತಾಳೆಯೂ ಇಲ್ಲ. ಉಳಿದದ್ದು ಬರೆಯುವವನ ಕಣ್ಣು ಮಾತ್ರ.

ಖಾಲಾನ ಮಗನ ಸೌದಿ ಖಾತೆಯ ನಂಬರ್ ಒಮ್ಮೆ ನೋಡಿದೆ. ಅದು ಐಬಿಎಎನ್ ಪದ್ಧತಿಯದು, 24 ಅಕ್ಷರ. ಮೊದಲ ಎರಡು ದೇಶದ ಗುರುತು, ಮುಂದಿನ ಎರಡು ತಾಳೆ ಅಂಕಿ, ಉಳಿದದ್ದು ಆ ದೇಶದ ಬ್ಯಾಂಕಿನ ಖಾತೆ. ಇಡೀ ನಂಬರನ್ನು ಒಂದು ಕ್ರಮದಲ್ಲಿ ಜೋಡಿಸಿ 97ರಿಂದ ಭಾಗಿಸಿದರೆ ಶೇಷ 1 ಬರಬೇಕು. ದುಬೈ, ಅಬುಧಾಬಿಯಲ್ಲೂ ಇದೇ ಪದ್ಧತಿ, ಅಲ್ಲಿ 23 ಅಕ್ಷರ. ನಮ್ಮ ಓಣಿಯಿಂದ ಹೋದ ಹುಡುಗನ ನಂಬರ್ ನನ್ನ ತಪ್ಪನ್ನು ಹಿಡಿಯುತ್ತಿತ್ತು. ಇಲ್ಲೇ ಇರುವ ಅವನ ತಾಯಿಯ ನಂಬರ್ ಹಿಡಿಯಲಿಲ್ಲ. ಓದು ಬರಹ ಕಡಿಮೆ ಇದ್ದು ಇನ್ನೊಬ್ಬರ ಕೈಯಲ್ಲಿ ಬರೆಸುವವರಿಗೇ ಕಾವಲು ಹೆಚ್ಚು ಬೇಕು, ಅವರಿಗೇ ಅದು ಇಲ್ಲ. ನನ್ನ ದೂರು ಇದೇ.

ಇದಕ್ಕೆ ಬರುವ ಆಕ್ಷೇಪಗಳನ್ನೂ ಯೋಚಿಸಿದ್ದೇನೆ. ಕೋಟ್ಯಂತರ ಖಾತೆಗಳ ನಂಬರ್ ಬದಲಿಸಲು ಆಗುತ್ತದೆಯೇ ಎಂದು ಕೇಳಬಹುದು. ಬದಲಿಸಬೇಕಿಲ್ಲ. ಐಬಿಎಎನ್‌ನಲ್ಲಿ ಹಳೆಯ ಖಾತೆ ಸಂಖ್ಯೆ ಹಾಗೇ ಇರುತ್ತದೆ, ತಾಳೆ ಅಂಕಿಯನ್ನು ಅದರಿಂದಲೇ ಲೆಕ್ಕ ಹಾಕಿ ಮುಂದೆ ಸೇರಿಸುತ್ತಾರೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಹಳೆಯ ನಂಬರೇ ಉಳಿಯಲಿ, ಪಾಸ್‌ಬುಕ್ಕಿನಲ್ಲಿ ಎರಡು ಅಂಕಿ ಹೆಚ್ಚು ಅಚ್ಚಾಗಲಿ. ನಂಬರ್ ಉದ್ದವಾದಷ್ಟೂ ತಪ್ಪು ಹೆಚ್ಚಾಗುತ್ತದೆ ಎಂಬುದು ಎರಡನೆಯ ಮಾತು. ಅದು ಸತ್ಯ, ಆದರೆ ಅರ್ಧ ಸತ್ಯ. ತಪ್ಪು ಸ್ವಲ್ಪ ಹೆಚ್ಚಾದೀತು, ಆದರೆ ಹೆಚ್ಚುಕಡಿಮೆ ಅಷ್ಟೂ ಬರೆಯುವಾಗಲೇ ಸಿಕ್ಕಿಬೀಳುತ್ತವೆ. ಸಿಕ್ಕಿಬೀಳುವ ತಪ್ಪಿಗೆ ಮತ್ತೊಮ್ಮೆ ಬರೆಯುವ ಶ್ರಮ ಅಷ್ಟೇ ಬೆಲೆ. ಸಿಗದ ತಪ್ಪಿನ ಬೆಲೆ ಜುಮಕಿ.

ಯುಪಿಐನಲ್ಲಿ ಹೆಸರು ಕಾಣುತ್ತದಲ್ಲ ಎಂಬುದು ಮೂರನೆಯ ಮಾತು. ಹೌದು, ಮತ್ತು ರಿಸರ್ವ್ ಬ್ಯಾಂಕ್ ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ ಹಣ ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಇದು ಒಳ್ಳೆಯ ಕೆಲಸ, ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ತಾಳೆ ಅಂಕಿ ಮಾಡಲಾಗದ್ದನ್ನು ಹೆಸರು ಮಾಡುತ್ತದೆ. ಅಂಗಡಿಯ ಕ್ಯೂಆರ್ ಮೇಲೆ ಯಾರೋ ತಮ್ಮ ಕ್ಯೂಆರ್ ಅಂಟಿಸಿದರೆ ಆ ನಂಬರಿನ ತಾಳೆ ಸರಿಯಾಗಿಯೇ ಇರುತ್ತದೆ. ತಾಳೆ ಅಂಕಿ ಹಿಡಿಯುವುದು ತಪ್ಪನ್ನು, ಮೋಸವನ್ನಲ್ಲ. ಆದರೆ ಹೆಸರು ನೋಡಲು ನೆಟ್‌ವರ್ಕ್ ಬೇಕು, ಬ್ಯಾಂಕಿನ ಕಂಪ್ಯೂಟರ್ ಉತ್ತರ ಕೊಡಬೇಕು. ಕಾಗದದ ಅರ್ಜಿಯ ಮೇಲೆ, ಚೀಟಿಯ ಮೇಲೆ ಹೆಸರು ಮೂಡುವುದಿಲ್ಲ. ತಾಳೆ ಅಂಕಿಗೆ ಪೆನ್ನು ಸಾಕು. ಎರಡೂ ಬೇಕು, ಒಂದರ ಬದಲು ಇನ್ನೊಂದು ಅಲ್ಲ.

ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದು ಎಂದು ದೀನಿಯಾತ್ ತರಗತಿಯಲ್ಲಿ ಕಲಿತಿದ್ದೇವೆ. ಸೂರಃ ಅಲ್ ಬಕರಾದ 282ನೆಯದು. ಅದು ನಮಾಜು, ರೋಜಾಗಳ ಕುರಿತದ್ದಲ್ಲ, ಸಾಲದ ವ್ಯವಹಾರವನ್ನು ಬರೆದಿಡುವುದರ, ಬರೆಯುವವನು ನ್ಯಾಯವಾಗಿ ಬರೆಯುವುದರ, ಸಾಕ್ಷಿ ಇಡುವುದರ ಕುರಿತದ್ದು. ಮನುಷ್ಯ ಮರೆಯುತ್ತಾನೆ, ತಪ್ಪುತ್ತಾನೆ ಎಂಬುದನ್ನು ಒಪ್ಪಿಕೊಂಡೇ ಸಾಕ್ಷಿಯ ಮಾತು ಬರುತ್ತದೆ. ನನ್ನ ಮಟ್ಟಿಗೆ ತಾಳೆ ಅಂಕಿ ಎಂದರೆ ನಂಬರಿನ ಜೊತೆಗೇ ನಿಂತ ಒಬ್ಬ ಸಾಕ್ಷಿ.

ದೇಶದ ಬ್ಯಾಂಕುಗಳನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕಾಲೇಜು ನಮ್ಮ ಕೈಯಲ್ಲಿದೆ. ಕಚೇರಿಯವರಿಗೂ ಗುರುಗಳಿಗೂ ಎರಡು ವಿನಂತಿ ಮಾಡುತ್ತೇನೆ.

ಒಂದು, ಖಾತೆ ಸಂಖ್ಯೆ ಕೇಳುವ ಪ್ರತಿಯೊಂದು ಅರ್ಜಿಯಲ್ಲೂ ಅದನ್ನು ಎರಡು ಸಲ ಬರೆಯುವ ಜಾಗ ಇರಲಿ. ಎರಡನೆಯದನ್ನು ಮೊದಲನೆಯದು ನೋಡಿ ಬರೆಯಬಾರದು, ಪಾಸ್‌ಬುಕ್ ನೋಡಿಯೇ ಬರೆಯಬೇಕು. ಒಬ್ಬರು ನಾಲ್ಕು ನಾಲ್ಕು ಅಂಕಿ ಓದಲಿ, ಇನ್ನೊಬ್ಬರು ತಾಳೆ ನೋಡಲಿ.

ಎರಡು, ಮುಂದಿನ ವರ್ಷದಿಂದ ನಮ್ಮ ಪ್ರವೇಶ ಸಂಖ್ಯೆಗೆ ಒಂದು ತಾಳೆ ಅಂಕಿ ಸೇರಿಸೋಣ. ಲೆಕ್ಕ ಎಂಟನೆಯ ತರಗತಿಯದು. ಸಂಖ್ಯೆ 2745 ಎಂದುಕೊಳ್ಳಿ. ಅಂಕಿಗಳನ್ನು ಕ್ರಮವಾಗಿ 5, 4, 3, 2ರಿಂದ ಗುಣಿಸಿ ಕೂಡಿಸಿ: 10, 28, 12, 10, ಒಟ್ಟು 60. ಇದು 11ರಿಂದ ನಿಶ್ಶೇಷ ಭಾಗವಾಗಲು ಇನ್ನು 6 ಬೇಕು. ಹಾಗಾಗಿ ಸಂಖ್ಯೆ 27456. ಯಾರಾದರೂ 7 ಮತ್ತು 4ನ್ನು ಅದಲುಬದಲು ಮಾಡಿ 24756 ಎಂದು ಬರೆದರೆ ಮೊತ್ತ 63 ಆಗುತ್ತದೆ, 11ರಿಂದ ಭಾಗವಾಗುವುದಿಲ್ಲ, ತಪ್ಪು ಹೊರಬಿತ್ತು. ಬೇಕಾದ ಅಂಕಿ ಕೆಲವೊಮ್ಮೆ 10 ಬರುತ್ತದೆ, ಅಂಥ ಸಂಖ್ಯೆಯನ್ನು ಯಾರಿಗೂ ಕೊಡದೆ ಬಿಟ್ಟರಾಯಿತು. ಹನ್ನೊಂದರಲ್ಲಿ ಸುಮಾರು ಒಂದು ಸಂಖ್ಯೆ ನಷ್ಟ, ಅದೇ ನಾವು ಕೊಡುವ ಬೆಲೆ. ಕಂಪ್ಯೂಟರ್ ಸೈನ್ಸ್ ವಿಭಾಗದ ಗೆಳೆಯರು ಇದರ ಪ್ರೋಗ್ರಾಮನ್ನು ಒಂದು ಪಿರಿಯಡ್ಡಿನಲ್ಲಿ ಬರೆದುಕೊಡಬಹುದು. ಹತ್ತನೇ ಮಾರ್ಕ್ಸ್ ಕಾರ್ಡ್ ಒಬ್ಬನದು, ಹಾಜರಿ ಇನ್ನೊಬ್ಬನದು ಆಗುವ ತಾಪತ್ರಯ ಕಡಿಮೆಯಾಗುತ್ತದೆ.

ಗೆಳೆಯರೇ, ನಮ್ಮಲ್ಲಿ ಬಹಳ ಮಂದಿ ನಮ್ಮ ನಮ್ಮ ಓಣಿಯ ಗುಮಾಸ್ತರು. ಯಾರದೋ ಅರ್ಜಿ, ಯಾರದೋ ಹಣ ನಮ್ಮ ಬೆರಳ ತುದಿಯಲ್ಲಿ ಹೋಗುತ್ತದೆ. ನಂಬರ್ ತಾನೇ ತನ್ನ ತಪ್ಪು ಹೇಳುವ ದಿನ ಬರುವವರೆಗೆ ಆ ಸಾಕ್ಷಿಯ ಕೆಲಸ ನಾವೇ ಮಾಡಬೇಕು.

ಜುಮಕಿ ಬಿಡಿಸಿಕೊಂಡಾಯಿತು. ಹೋದ ವಾರ ಖಾಲಾ ಮತ್ತೆ ಪಾಸ್‌ಬುಕ್ ಹಿಡಿದು ಬಂದರು. ಈ ಸಲ ನಾನು ಬರೆದ ನಂಬರನ್ನು ಅವರ ಮಗಳ ಕೈಗೆ ಕೊಟ್ಟು, ಪಾಸ್‌ಬುಕ್ ನಾನು ಹಿಡಿದು, ಒಂದೊಂದೇ ಅಂಕಿ ಓದಿದೆ. ಅವಳು ಒಂದೊಂದಕ್ಕೂ "ಹೂಂ" ಅಂದಳು. ಆಮೇಲೆಯೇ ಕಳಿಸಿದೆ.